ಒಂದನೇ ನಂಬರಿನ ಮೂಗು

"ಬೇರೆಯವರು ಊರ ವಿಷಯಕ್ಕೆ ಮೂಗು ತೂರಿಸಿ ಬೈಸ್ಕೋತಾರೆ. ನಮ್ಮತ್ತಿಗೆ ಮೀನಿಗೆ ಮೂಗು ತೂರಿಸಿ ಸಂಬಳ ತಗೋತಾರೆ," ಎಂದು ನಾದಿನಿ ತಮಾಷೆ ಮಾಡುತ್ತಿದ್ದಳು. ಅತ್ತಿಗೆ ನಗುತ್ತಿದ್ದಳು. ಅವಳ ಗಂಡ ದೋಣಿಯೊಂದಿಗೇ ಕಡಲುಪಾಲಾದ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ದಡದವರಿಗೆಲ್ಲ ಅತ್ತಿಗೆ ಮೂಗಿನಕ್ಕ.

ಹಿಂದೆ ಮೀನು ಮರಳಿನ ಮೇಲೆಯೇ ಮಾರಾಟವಾಗುತ್ತಿತ್ತು. ಮಧ್ಯಾಹ್ನದೊಳಗೆ ಲಾರಿಯವನು ಬರದಿದ್ದರೆ ಅರ್ಧಕ್ಕರ್ಧ ಗೊಬ್ಬರದ ಗುಂಡಿಗೆ. ಕಡಲಾಚೆಯ ದೇಶಗಳಲ್ಲಿ ಆ ಮೀನು ಬೇಕೆನ್ನುವವರಿದ್ದರು, ಆದರೆ ಇಂಥ ಮರಳಿನಿಂದ ಎತ್ತಿದ್ದನ್ನು ಅವರ ಕಾನೂನು ಒಳಗೆ ಬಿಡುತ್ತಿರಲಿಲ್ಲ. ಕೊನೆಗೆ ಅಂಥದೇ ಒಂದು ದೇಶ ನೆರವು ಕೊಟ್ಟಿತು. ಮೀನು ನೋಡಿ ಪೆಟ್ಟಿಗೆ ತುಂಬಲು ಬಿಳಿ ಟೈಲ್ಸಿನ ಹಾಲ್ ಬಂತು, ಐಸ್ ಯಂತ್ರ ಬಂತು, ಕುಡಿಯುವಷ್ಟು ಶುದ್ಧ ನೀರು ಬರುವ ನಲ್ಲಿಗಳು ಬಂದವು. ಆರು ತಿಂಗಳು ಕೆಲಸ ಕಲಿಸಲು ಒಬ್ಬ ಟೀಚರಮ್ಮನೂ ಬಂದಳು.

"ಯಂತ್ರ ಯಾರು ಬೇಕಾದ್ರೂ ಕೊಡ್ತಾರೆ," ಎಂದಳು ಟೀಚರಮ್ಮ ಮೊದಲ ದಿನವೇ. "ಕೊಳ್ಳೋರು ಕೇಳೋದು ಒಂದೇ ಮಾತು. ಈ ಪೆಟ್ಟಿಗೆ ಯಾರು ನೋಡಿದ್ರು? ಅದಕ್ಕೆ ನಮ್ಮ ಹತ್ರ ಉತ್ತರ ಇರ್ಬೇಕು."

ಮೂಸಿಯೇ ಎಷ್ಟು ದಿನದ್ದೆಂದು ಹೇಳುವ ಪರೀಕ್ಷೆಗೆ ಏಳು ತಟ್ಟೆ ಮೀನು ಇಟ್ಟು, ಹೆಂಗಸರ ಕಣ್ಣಿಗೆ ಬಟ್ಟೆ ಕಟ್ಟಿದಳು. ಉಳಿದವರು ತಡವರಿಸಿದರು. ಮೂಗಿನಕ್ಕ ಮಾತ್ರ ದಾರಿಯಲ್ಲಿ ಸಿಕ್ಕ ನೆಂಟರನ್ನು ಗುರುತಿಸುವಂತೆ ಒಂದೊಂದನ್ನೇ ಹೇಳುತ್ತ ಹೋದಳು. "ಇದು ಸಮುದ್ರದ ಪಾಚಿ ವಾಸನೆ, ಇವತ್ತಿನದ್ದು. ಇದಕ್ಕೆ ಯಾವ ವಾಸನೆನೂ ಇಲ್ಲ, ನಾಲ್ಕು ದಿನದ್ದು. ಇದು ಹುಳಿ ಹಾಲು, ವಾರ ಆಗಿದೆ." ಏಳಕ್ಕೆ ಏಳೂ ಸರಿ. ಅವಳ ಕೆಲಸದ ಅಂಗಿಗೆ ಒಂದನೇ ನಂಬರಿನ ಬಿಲ್ಲೆ ಸಿಕ್ಕಿಸಿದರು. ಅವಳು ಮೂಸಿ ನೋಡಿದ ಪ್ರತಿ ಪೆಟ್ಟಿಗೆಯ ಮೇಲೂ ಅದೇ ಅಂಕಿ. ಅವಳಿಗೆ ಬರೆಯಲು ಬರುತ್ತಿದ್ದ ಅಕ್ಷರವೂ ಅದೊಂದೇ. "ಓದು ಕೊಡೋ ಬದಲು ದೇವರು ಇದನ್ನ ಕೊಟ್ಟಿದಾನೆ," ಎನ್ನುತ್ತಿದ್ದಳು.

ನಾಲ್ಕು ವರ್ಷ ಪೆಟ್ಟಿಗೆಗಳು ವಿಮಾನ ಹತ್ತಿದವು. ಎರಡು ಬೀದಿಗಳ ಹೆಂಗಸರಿಗೆಲ್ಲ ಕೆಲಸವಾಯಿತು. ಸೋರುವ ಸೂರುಗಳು ಕಡಿಮೆಯಾದವು.

ಐದನೇ ವರ್ಷ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟ ಮರುದಿನ ಒಲೆಯ ಮುಂದೆ ನಿಂತಿದ್ದಳು. ನಾದಿನಿ ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿಬಂದಳು.

"ಹಾಲು ಸೀದು ಹೋಗ್ತಿದೆ, ಅತ್ತಿಗೆ. ಎಲ್ಲಿದೆ ಗಮನ?"

ಮೂಗಿನಕ್ಕ ಕಪ್ಪಾದ ಪಾತ್ರೆಯನ್ನು ನೋಡಿದಳು. ಆಮೇಲೆ ಸೋಪು, ಸೀಮೆಎಣ್ಣೆ, ಬೆಳ್ಳುಳ್ಳಿ ಎಲ್ಲವನ್ನೂ ಮೂಗಿನ ಹತ್ತಿರ ಹಿಡಿದಳು. ಏನೂ ಇಲ್ಲ. ಗೋಡೆಯನ್ನು ಮೂಸಿದಂತೆ.

ಪರೀಕ್ಷೆ ಪಾಸಾದ ಎರಡು ಮೂಗು ಇಲ್ಲದಿದ್ದರೆ ಹಾಲ್ ನಡೆಸುವಂತಿಲ್ಲ, ಅದು ನಿಯಮ. ಆಮೇಲೆ ಪಾಸಾಗಿದ್ದ ಎರಡನೆಯವಳು ಬಾಣಂತಿ, ಅವಳ ರಜೆ ಮುಗಿಯುವವರೆಗೆ ಮಾತ್ರ ಒಂದೇ ಮೂಗಿನಿಂದ ನಡೆಸಲು ಒಪ್ಪಿಗೆ ಸಿಕ್ಕಿತ್ತು. ಇವಳೂ ಇಲ್ಲವೆಂದರೆ ಮೀನಿನ ಸುಗ್ಗಿಯ ಹೊತ್ತಿಗೆ ಹಾಲ್‌ಗೆ ಬೀಗ. "ನಾಳೆ ವಾಸನೆ ಬರುತ್ತೆ, ಯಾರಿಗೂ ಹೇಳ್ಬೇಡ," ಎಂದಳು ನಾದಿನಿಗೆ. ಬೆಳಗಿನ ಪ್ರಾರ್ಥನೆಯಲ್ಲಿ ಬೇರೇನೂ ಕೇಳಲಿಲ್ಲ. ಮೀನಿನ ಕಣ್ಣಿನ ಹೊಳಪು, ಕಿವಿರಿನ ಕೆಂಪು, ಬೆರಳೊತ್ತಿದರೆ ಮೇಲೇಳುವ ಮಾಂಸ, ಇವುಗಳಿಂದಲೇ ಅಳೆದಳು. ವಾಸನೆ ಕೆಟ್ಟಿದ್ದರೆ ಪಕ್ಕದ ಮೇಜಿನಲ್ಲಿ ಪೆಟ್ಟಿಗೆ ತುಂಬುವ ನಾದಿನಿ ಕೆಮ್ಮಿ ಸನ್ನೆ ಮಾಡುತ್ತಿದ್ದಳು.

ಒಂದು ದಿನ ನಾದಿನಿ ಹಲ್ಲು ಕೀಳಿಸಲು ಹೋದಳು. ಅಂದೇ ಒಂದು ದೋಣಿಯಲ್ಲಿ ಡೀಸೆಲ್ ಸೋರಿ ಐಸಿಗೆ ಸೇರಿತ್ತು. ಮೀನು ನೋಡಲು ಗಾಜಿನಂತೆ ಹೊಳೆಯುವಷ್ಟು ತಾಜಾ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆ ತುಂಬುತ್ತಿದ್ದ ಒಬ್ಬಳು "ಏನೋ ವಾಸನೆ ಅಲ್ವೇನೇ?" ಎಂದಳಂತೆ. ಇನ್ನೊಬ್ಬಳು, "ಮೂಗಿನಕ್ಕನೇ ನೋಡಿ ಬಿಟ್ಟಿದಾಳೆ, ನಿಂದೇನು ದೊಡ್ಡ ಮೂಗು?" ಎಂದು ಬಾಯಿ ಮುಚ್ಚಿಸಿದಳಂತೆ.

ನಲವತ್ತು ಪೆಟ್ಟಿಗೆ ಹೋದವು. ಐದನೇ ದಿನ ಸುದ್ದಿ ಬಂತು: ಡೀಸೆಲ್ ನಾತವೆಂದು ಕೊಳ್ಳುವವರು ಎಲ್ಲವನ್ನೂ ಸುಟ್ಟಿದ್ದಾರೆ, ತಪ್ಪು ಎಲ್ಲಾಯಿತೆಂದು ಗೊತ್ತಾಗುವವರೆಗೆ ಈ ಹಾಲ್‌ನ ಮೀನು ಬೇಡ. ತನಿಖೆಗೆ ಟೀಚರಮ್ಮನನ್ನೇ ಕಳಿಸಲಿದ್ದರು.

"ವಿಮಾನದಲ್ಲಿ ಏನೋ ಚೆಲ್ಲಿರ್ಬೇಕು ಅಂತ ಬರೆದುಬಿಡೋಣ," ಎಂದ ಹಾಲ್‌ನ ಮ್ಯಾನೇಜರ್.

ಮನೆಯಲ್ಲಿ ನಾದಿನಿಯೂ ಅದನ್ನೇ ಹೇಳಿದಳು. "ಬಾಯಿ ಬಿಟ್ರೆ ಬಣ್ಣಗೇಡು, ಅತ್ತಿಗೆ. ಇಷ್ಟು ದಿನ ಇಲ್ಲದ್ದು ಈಗ ಯಾಕೆ?"

"ಇಷ್ಟು ದಿನ ಹೇಳದೆ ಇದ್ದದ್ದಕ್ಕೇ ಇದಾಗಿದ್ದು."

"ಆ ಬಿಲ್ಲೆ ಹೋದ್ರೆ ನಿಮಗೇನು ಉಳಿಯುತ್ತೆ?"

ಮೂಗಿನಕ್ಕ ಎದ್ದು ಬಚ್ಚಲಿಗೆ ಹೋದಳು. ಅಂಗಿ ಒಗೆದು ಹರವಿದಳು.

ಟೀಚರಮ್ಮ ಬಂದು ಕಾಗದ ತೆರೆಯುವ ಮೊದಲೇ ಅವಳು ಎದುರಿಗೆ ಹೋಗಿ ನಿಂತಳು. "ಆ ನಲವತ್ತೂ ನಾನೇ ನೋಡಿದ್ದು. ನನಗೆ ವಾಸನೆ ಬರ್ತಿಲ್ಲ. ಜ್ವರ ಬಂದಾಗಿನಿಂದ."

ನಾದಿನಿಯ ಕೆಮ್ಮಿನ ವಿಷಯ ಹೇಳಲಿಲ್ಲ.

ಟೀಚರಮ್ಮ ಒಂದು ಬಾಟಲಿ ತಂದು, ಮುಚ್ಚಳ ತೆಗೆದು ಅವಳ ಮೂಗಿನ ಕೆಳಗೆ ಹಿಡಿದಳು. ಬಾಗಿಲ ಬಳಿ ನಿಂತ ಹೆಂಗಸರು ಡೀಸೆಲ್ ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮೂಗಿನಕ್ಕ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದಳು, ಏಳು ತಟ್ಟೆಗಳ ದಿನದಂತೆಯೇ.

"ನೀರಾ?" ಎಂದಳು.

ಟೀಚರಮ್ಮ ಬಾಟಲಿ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡಳು. ಆಮೇಲೆ, "ಅವತ್ತೇ ಹೇಳಿದ್ರೆ ಏನಾದ್ರೂ ದಾರಿ ಮಾಡ್ತಿದ್ದೆ," ಎಂದಳು. ಅದಕ್ಕಿಂತ ಕಠಿಣವಾದ ಮಾತನ್ನು ಯಾರೂ ಆಡಲಿಲ್ಲ. ಬಿಲ್ಲೆಯನ್ನು ಮೂಗಿನಕ್ಕ ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು.

ತಪ್ಪಿನ ಜಾಗ ಗೊತ್ತಾಯಿತು. ದೋಣಿಗಳ ಐಸ್ ಡಬ್ಬಿಗಳನ್ನು ಬದಲಾಯಿಸಿದರು, ಹೊಸಬರಿಗೆ ಪರೀಕ್ಷೆ ಮಾಡಿದರು. ಎರಡು ತಿಂಗಳಿಗೆ ಹಾಲ್ ತೆರೆಯಿತು. ಪಾಸಾದವರಲ್ಲಿ ನಾದಿನಿಯೂ ಒಬ್ಬಳು. ಅವಳದು ಆರನೇ ನಂಬರ್. ಒಂದನ್ನು ಯಾರಿಗೂ ಕೊಟ್ಟಿಲ್ಲ.

ಹಾಲ್‌ನಲ್ಲಿ ನೆಲ ತೊಳೆಯುವ ಕೆಲಸ ಕೊಡುತ್ತೇವೆಂದರು. ಅಲ್ಲಿಗೆ ಹೋಗಿ ಏನೂ ಮೂಸದೆ ಬರುವುದು ಅವಳಿಂದಾಗಲಿಲ್ಲ. ಮನೆಯಲ್ಲೇ ಬಲೆ ಹೆಣೆಯುತ್ತಾಳೆ. ಮೊದಲೆಲ್ಲ ನಾದಿನಿ ಕೆಲಸದಿಂದ ಬಂದವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯದೆ ಒಳಗೆ ಬರುತ್ತಿರಲಿಲ್ಲ. ಈಗ ಕೈ ತೊಳೆಯದೆ ನೇರ ಬಂದು ಅವಳ ಪಕ್ಕ ಕೂತು ಅಂಗೈಯನ್ನು ಅವಳ ಮುಖದ ಹತ್ತಿರ ಹಿಡಿಯುತ್ತಾಳೆ.

ಮೂಗಿನಕ್ಕ ಉಸಿರೆಳೆಯುತ್ತಾಳೆ. ಕಾಯುತ್ತಾಳೆ. "ಇಲ್ಲ. ನೀನೇ ಹೇಳು."

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನೇ? ಸರಿಯಾಗಿ ಹೇಳು."

ನಾದಿನಿ ತನ್ನ ಕೈಯನ್ನು ತಾನೇ ಮೂಸುತ್ತಾಳೆ. "ಸಮುದ್ರದ ಪಾಚಿ ಥರ."

"ಹಾಗಾದ್ರೆ ಇವತ್ತಿನದ್ದು," ಎನ್ನುತ್ತಾಳೆ ಮೂಗಿನಕ್ಕ, ಆ ಕೈಯನ್ನು ಬಿಡದೆ.