ನೀರು ಹಾಕಿದವಳ ಹೆಸರು

ಆಗ ನನಗೆ ಅರವತ್ತಾರು. ಈಗ್ಗೆ ಆರು ವರ್ಷದ ಹಿಂದಿನ ಮಾತು. ಶ್ರೀರಂಗಪಟ್ಟಣದ ಹತ್ತಿರ ಒಂದು ಹಳೇ ಚರ್ಚಿನಲ್ಲಿ ಕಸ ಗುಡಿಸುವುದು, ಬಾಗಿಲು ತೆಗೆಯುವುದು, ಹಾಕುವುದು ನನ್ನ ಕೆಲಸ. ಅದಕ್ಕೆ ಮೊದಲು ಅದೇ ಕಾಂಪೌಂಡಿನಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಜನ ದೊಡ್ಡಾಸ್ಪತ್ರೆ ಹಿಡಿದ ಮೇಲೆ ಅದು ಮುಚ್ಚಿತು, ನನ್ನನ್ನು ಚರ್ಚಿಗೆ ಹಾಕಿದರು. ನಮ್ಮದು ಬಾಬುರಾಯನಕೊಪ್ಪಲು, ಒಕ್ಕಲಿಗರ ಮನೆ. ನಾನು ಚರ್ಚಿಗೆ ಸೇರಿದವಳಲ್ಲ. ಕೆಲಸ ಕೊಟ್ಟರು, ಮಾಡಿದೆ. ಓದಿದ್ದು ಎರಡನೇ ಕ್ಲಾಸು. ಇದನ್ನು ಬರೆಯಲು ಬಹಳ ದಿನ ಹಿಡಿಯಿತು, ಒತ್ತಕ್ಷರವನ್ನೆಲ್ಲ ಮೊಮ್ಮಗಳು ತಿದ್ದಿದ್ದಾಳೆ.

ಆ ಮಳೆಗಾಲ ಮುಗಿದ ಮೇಲೆ ಮೈಸೂರಿನಿಂದ ರೆಬೆಕಾ ಎಂಬ ಹೆಂಗಸು ಬಂದರು. ರಿಟೈರಾದ ಟೀಚರು, ಯೆಹೂದಿ ಮತದವರು. ನಾನು ಆ ಮತದವರನ್ನು ನೋಡಿದ್ದು ಅದೇ ಮೊದಲು. ನೋಡೋಕೆ ನಮ್ಮ ಹಾಗೇ ಇದ್ದರು, ಸೀರೆ, ಕೈಯಲ್ಲಿ ವೈರ್ ಬ್ಯಾಗು. ಟಿಪ್ಪು ಹೋದ ಮೇಲೆ ಕೋಟೆಯಲ್ಲಿ ಬೊಂಬಾಯಿ ಕಡೆಯ ಪಟಾಲಮ್ಮು ಇತ್ತಂತೆ, ಅದರಲ್ಲಿ ಇವರ ಪೈಕಿ ಸಿಪಾಯಿಗಳೂ ಇದ್ದರಂತೆ. ಅವರಿಗೆ ಇಲ್ಲಿ ಪ್ರಾರ್ಥನೆಗೆ ಒಂದು ಮನೆಯಿರಲಿಲ್ಲ, ಹುಟ್ಟು ಸಾವು ಬರೆದಿಡುವ ಪುಸ್ತಕವಿರಲಿಲ್ಲ. ಅದಕ್ಕೇ ಅವರ ಹೆಸರು ಬೇಕೆಂದರೆ ಚರ್ಚಿನ ಪುಸ್ತಕದಲ್ಲಿ ಹುಡುಕಬೇಕು. ಇಂಥ ಯೆಹೂದಿಯನ್ನು ಗೋಡೆಯಾಚೆ ಹೂಳಿದರು, ಇಂಥವನು ಮನೆ ಮಾರಿದ್ದಕ್ಕೆ ಸಾಕ್ಷಿ ಹಾಕಿದ ಎಂದು ಯಾವಾಗಿನ ಪಾದ್ರಿಯೋ ಒಂದೊಂದು ಸಾಲು ಗೀಚಿದ್ದಾನೆ. ನಮ್ಮ ಫಾದರ್ ಒಳ್ಳೆಯವರು, ಇನ್ನೂ ಚಿಕ್ಕ ವಯಸ್ಸು. ಕೇಳಿದವರನ್ನೆಲ್ಲ ಕೂರಿಸಿಕೊಂಡು ಓದಿ ಹೇಳುತ್ತಿದ್ದರು.

ರೆಬೆಕಾ ಟೀಚರಿಗೆ ಬೇಕಿದ್ದದ್ದು ಒಂದೇ ಹೆಸರು, ಲೇಯಾ. ಅವರ ತಾಯಿಯ ಕಡೆ ಎಷ್ಟೋ ತಲೆ ಹಿಂದಿನ ಅಜ್ಜಿ. ಆ ಹೆಸರು ಪುಸ್ತಕದಲ್ಲಿತ್ತು. ತೊಂದರೆ ಶುರುವಾಗಿದ್ದೇ ಅದು ಅಲ್ಲಿ ಇದ್ದದ್ದರಿಂದ. ಅಪ್ಪ ಯೆಹೂದಿ ಹವಾಲ್ದಾರ ಎಂದು ಬರೆದು, ಮಗುವಿಗೆ ಜ್ಞಾನಸ್ನಾನವಾಯಿತು ಎಂದೂ ಬರೆದಿದ್ದರು. ಜ್ಞಾನಸ್ನಾನ ಅಂದರೆ ನೀರು ಹಾಕಿ ಕ್ರೈಸ್ತ ಮತಕ್ಕೆ ಸೇರಿಸಿಕೊಳ್ಳುವ ಶಾಸ್ತ್ರ. ಮುಂಬಯಿಯಲ್ಲಿ ಟೀಚರ ದೊಡ್ಡಪ್ಪನ ಮಗ ತಮ್ಮ ಜನರ ಚರಿತ್ರೆ ಬರೆಯುತ್ತಿದ್ದ. ಆತ ಟೀಚರು ಕಳಿಸಿದ ಈ ಹಾಳೆಯ ಫೋಟೋ ನೋಡಿ, ಲೇಯಾಳಿಗೆ ಮತ ತಪ್ಪಿದೆ, ಅವರಲ್ಲಿ ತಾಯಿಯಿಂದಲೇ ಕುಲ ಬರುವುದರಿಂದ ಅಲ್ಲಿಂದೀಚೆಯವರನ್ನು ತನ್ನ ಪುಸ್ತಕದಲ್ಲಿ ಹಾಕುವುದಿಲ್ಲ ಎಂದುಬಿಟ್ಟಿದ್ದ. ಟೀಚರ ತಾಯಿ ಇನ್ನೂ ಇದ್ದರು, ತೊಂಬತ್ತರ ಹತ್ತಿರ. ಬುದ್ಧಿ ಬಂದಾಗಿನಿಂದ ತಮ್ಮ ಮತದ ಪದ್ಧತಿಯಂತೆ ಶುಕ್ರವಾರ ಸಂಜೆ ದೀಪ ಹಚ್ಚುವುದನ್ನು ಬಿಟ್ಟವರಲ್ಲ. ಪುಸ್ತಕ ಬಂತಾ, ನಮ್ಮ ಹೆಸರು ಎಲ್ಲಿದೆ ಎಂದು ದಿನಾ ಕೇಳುತ್ತಿದ್ದರಂತೆ.

'ನೀನು ಯಾವ ಮತಕ್ಕೂ ಸೇರಿದವಳಲ್ಲ ಅಂತ ನಮ್ಮಮ್ಮನಿಗೆ ಹೇಗೆ ಹೇಳಲಿ ಫಾದರ್' ಅಂದರು ಟೀಚರು, ಎರಡನೇ ಸಲ ಬಂದಾಗ.

ನಾನು ಅಲ್ಲೇ ಬೆಂಚು ಒರೆಸುತ್ತಿದ್ದೆ.

ಫಾದರ್ ಹೇಳಿದ್ದು ಇಷ್ಟು. ಈ ಜ್ಞಾನಸ್ನಾನ ಚರ್ಚಿನಲ್ಲಿ ಆದದ್ದಲ್ಲ, ಮನೆಯಲ್ಲಿ, ಪ್ರಾಣ ಹೋಗುವ ಹೊತ್ತಿನಲ್ಲಿ ಆದದ್ದು. ನೀರು ಹಾಕಿದವಳು ಸೂಲಗಿತ್ತಿ, ಅವಳ ಹೆಸರಿದೆ. ಮಗುವಿನ ಪರವಾಗಿ ನಿಲ್ಲುವ ಜ್ಞಾನ ತಂದೆತಾಯಿಯ ಜಾಗ ಖಾಲಿ. ಮಗು ಉಳಿದರೆ ಆಮೇಲೆ ಚರ್ಚಿಗೆ ತಂದು ಎಣ್ಣೆ ಹಚ್ಚಿಸಿ ಶಾಸ್ತ್ರ ಪೂರ್ತಿ ಮಾಡಿಸಬೇಕು, ಅದನ್ನು ಪಕ್ಕದಲ್ಲಿ ಬರೆಯುತ್ತಾರೆ. ಅದೂ ಇಲ್ಲ. ಇದನ್ನೆಲ್ಲ ಅವರು ಮುಂಬಯಿಗೆ ಫೋನಿನಲ್ಲೂ ಹೇಳಿದ್ದರು. ಆತ ಒಪ್ಪಿರಲಿಲ್ಲ. ಹೀಗೆ ನೀರು ಬಿದ್ದೂ ತಮ್ಮ ಮತದಲ್ಲೇ ಉಳಿದ ಒಂದು ಮನೆ ತೋರಿಸಿ ನೋಡೋಣ, ಅಂದಿದ್ದನಂತೆ.

ಇದು ನನಗೆ ಹೊಸದೇನಲ್ಲ. ಆಸ್ಪತ್ರೆಗೆ ಸೇರಿದ ವರ್ಷವೇ ದೊಡ್ಡ ಸಿಸ್ಟರು ನಮಗೆಲ್ಲ ಕಲಿಸಿದ್ದರು. ಮಗು ಉಳಿಯುವ ಹಾಗಿಲ್ಲ, ಮನೆಯವರು ಕೇಳುತ್ತಾರೆ, ಫಾದರ್ ಬರುವವರೆಗೆ ಹೊತ್ತಿಲ್ಲ ಅಂದರೆ ಯಾರು ಬೇಕಾದರೂ ತಲೆಗೆ ನೀರು ಸುರಿದು ಜ್ಞಾನಸ್ನಾನದ ಮಾತು ಹೇಳಬಹುದು. ಕ್ರೈಸ್ತಳೇ ಆಗಬೇಕೆಂದಿಲ್ಲ. ಕೈ ಶುದ್ಧವಾಗಿರಬೇಕು, ಮನಸ್ಸಿನಲ್ಲಿ ತಮಾಷೆ ಇರಬಾರದು. ನಾನೂ ಹಾಕಿದ್ದೇನೆ. ಬಹಳ ಮಕ್ಕಳು ಹೋದವು, ಕೆಲವು ಉಳಿದವು.

ಉಳಿದದ್ದರಲ್ಲಿ ಒಂದು ನನಗೆ ಗೊತ್ತಿತ್ತು. ಅರಕೆರೆಯ ಪುಟ್ಟಮ್ಮ ದೇವಲಾಪುರಕ್ಕೆ ಕೊಟ್ಟ ಹೆಣ್ಣು, ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಆಸ್ಪತ್ರೆಯಲ್ಲಿ ಮಗು ನೀಲಿಗೆ ತಿರುಗಿ ಹುಟ್ಟಿತು. ಅವಳ ತಾಯಿ ನನ್ನ ಸೆರಗು ಹಿಡಿದು ಕೇಳಿದ್ದಳು, ಹಾಕಿದೆ. ಆ ಮಗು ಈಗ ದೇವಲಾಪುರದಲ್ಲಿ ಟ್ರಾಕ್ಟರು ಓಡಿಸುತ್ತಾನೆ, ಹೆಸರು ಜವರೇಗೌಡ. ಅರಕೆರೆ ಬಸ್ಸಿನಲ್ಲಿ ಪುಟ್ಟಮ್ಮ ಸಿಕ್ಕಾಗಲೆಲ್ಲ ಅವನ ಸುದ್ದಿ ಹೇಳುತ್ತಾಳೆ.

ಬಟ್ಟೆ ಕೆಳಗಿಟ್ಟು ಫಾದರಿಗೆ ಇದನ್ನು ಹೇಳಿದೆ. ಅವರು ಆ ಕಾಲದ ಪುಸ್ತಕ ತೆಗೆದು ಹುಡುಕಿದರು. ಸಿಕ್ಕಿತು. ಲೇಯಾಳದ್ದು ಹೇಗೋ ಇದೂ ಹಾಗೇ. ಜ್ಞಾನ ತಂದೆತಾಯಿ ಇಲ್ಲ, ಪಕ್ಕದಲ್ಲಿ ಏನೂ ಇಲ್ಲ, ನೀರು ಹಾಕಿದವಳು ಆಯಾ ಚಿಕ್ಕತಾಯಮ್ಮ. ನಾನೇ.

ಟೀಚರು ಎರಡು ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು ಸಾಲಿಗೆ ಸಾಲು ಹೋಲಿಸಿದರು. ಆಮೇಲೆ ಮೆಲ್ಲಗೆ, ಲೇಯಾಳ ತಾಯಿಯೂ ಕೇಳಿಯೇ ಹಾಕಿಸಿರಬಹುದಲ್ಲ, ಅಂದರು.

'ಕೇಳಿದ್ರೆ ಏನಾಯ್ತು ಟೀಚರಮ್ಮ, ಮಗ ಸಾಯ್ತಾ ಇದ್ರೆ ತಾಯಿ ಯಾವ ನೀರು ಅಂತ ನೋಡ್ತಳಾ' ಅಂದೆ. 'ಈ ಬುಕ್ನಾಗೆ ಸುರ್ದವಳ ಹೆಸ್ರು ಬರ್ದವ್ರೆ. ಹೆತ್ತವಳ ಮಾತು ಎಲ್ಲಿ ಬರ್ದವ್ರೆ?'

ಆದರೆ ಬದುಕಿರುವ ಮನುಷ್ಯನ ಹಾಳೆಯನ್ನು ಅವನನ್ನು ಕೇಳದೆ ಹೊರಗೆ ಕೊಡುವುದಿಲ್ಲ ಅಂದರು ಫಾದರ್. ಸರಿಯೇ. ಟೀಚರು ಕಾರು ಮಾಡಿಕೊಂಡು ಬಂದಿದ್ದರು. ಮೂವರೂ ಆಗಲೇ ಹೊರಟು ಪಾಂಡವಪುರ ದಾಟಿ ದೇವಲಾಪುರಕ್ಕೆ ಹೋದೆವು. ಜವರೇಗೌಡ ಸಿಟ್ಟಾದರೆ ಅಲ್ಲಿಗೆ ಮುಗಿಯಿತು ಎಂದು ಟೀಚರಿಗೆ ಭಯ. ನನಗೂ ಸ್ವಲ್ಪ ಇತ್ತು. ಈಗಿನ ಕಾಲದಲ್ಲಿ ಇಂಥ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಜವರೇಗೌಡ ಜಗಲಿ ಮೇಲೆ ಕೂತು ಊಟ ಮಾಡುತ್ತಿದ್ದ. ವಿಷಯ ಹೇಳಿದೆವು. ತುತ್ತು ಕೈಯಲ್ಲೇ ನಿಂತಿತು.

'ಅಂಗಾರೆ ಇಷ್ಟು ವರ್ಸ ನಾನು ಮಾರಮ್ಮಂಗೆ ಕೋಳಿ ಕುಯ್ದಿದ್ದು ಲೆಕ್ಕಕ್ಕಿಲ್ವಾ' ಅಂದ. ಮುಖ ಗಂಟಾಗಿತ್ತು.

ಅವನ ಹೆಂಡತಿ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. 'ಅದ್ಕೇ ಕಣವ್ವ ಇವ್ರು ಬೇಕರಿ ಮುಂದೆ ಟ್ರಾಕ್ಟರು ನಿಲ್ಸದು. ಕೇಕು ಅಂದ್ರೆ ಜೀವ ಬುಡ್ತಾರೆ' ಅಂದಳು. ಫಾದರ್ ನಗು ತಡೆಯಲಿಲ್ಲ. ಅವನಿಗೂ ತಡೆಯಲಾಗಲಿಲ್ಲ.

ಒಳಗಿಂದ ಪುಟ್ಟಮ್ಮ ಗೋಡೆ ಹಿಡಿದು ಬಂದಳು. ಮಗನಿಗೆ ಇದನ್ನು ಯಾಕೆ ಹೇಳಿರಲಿಲ್ಲ ಎಂದು ಟೀಚರು ಕೇಳಿದರು.

'ಏಳಕ್ಕೆ ಏನೈತೆ' ಅಂದಳು ಪುಟ್ಟಮ್ಮ. 'ಯಾವ ದೇವ್ರ ನೀರಾದ್ರೂ ಸರಿ ಆಕು, ಮಗ ಉಸ್ರಾಡ್ಲಿ ಅಂದ್ಲಂತೆ ನಮ್ಮವ್ವ. ದರ್ಗಾದ ದಾರನೂವೆ ಕಟ್ಟಿದ್ಲು. ಉಳ್ಕತ್ತು. ಅದುಕ್ಕೇಂತ ಮನೆ ದೇವ್ರ ಬುಟ್ಬುಡ್ತೀವಾ?'

ಟೀಚರು ಅವಳ ಪಕ್ಕದಲ್ಲಿ ಹಾಗೇ ನೆಲಕ್ಕೆ ಕೂತರು. ಇನ್ನೊಂದು ಸಲ ಹೇಳಿ ಎಂದು ಕೇಳಿ ಬರೆದುಕೊಂಡರು. ಜವರೇಗೌಡ ಕೈ ತೊಳೆದು ಬಂದು ಫಾದರ್ ತಂದಿದ್ದ ಒಪ್ಪಿಗೆ ಕಾಗದಕ್ಕೆ ಸೈನು ಹಾಕಿದ. ನಮಗೆಲ್ಲ ಮುದ್ದೆ ಇಕ್ಕಿದರು, ಅವರೆಕಾಳು ಸಾರು. ಟೀಚರು ಮುದ್ದೆ ಅಗಿದರು, ನುಂಗಬೇಕು ಎಂದು ನಾನು ಹೇಳಿಕೊಟ್ಟೆ.

ಫಾದರ್ ಎರಡು ಹಾಳೆಯ ನಕಲು, ಪುಟ್ಟಮ್ಮ ಹೇಳಿದ್ದನ್ನು ಬರೆದ ಒಂದು ಕಾಗದ ಸೇರಿಸಿ ಮುಂಬಯಿಗೆ ಕಳಿಸಿದರು. ಆ ಮನುಷ್ಯ ಹಠಮಾರಿ, ಆದರೆ ಸುಳ್ಳುಗಾರನಲ್ಲ. ತಾನು ಕೇಳಿದ್ದ ಮನೆ ಸಿಕ್ಕಿತೆಂದು ಒಪ್ಪಿಕೊಂಡ. ಮುಂದಿನ ವರ್ಷ ಪುಸ್ತಕ ಅಚ್ಚಾದಾಗ ಲೇಯಾಳಿಂದ ಹಿಡಿದು ಟೀಚರ ತಾಯಿಯವರೆಗೆ ಎಲ್ಲರ ಹೆಸರೂ ಇತ್ತು. ಆ ಮುದುಕಿ ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಿರುವ ಫೋಟೋ ಟೀಚರು ನನಗೆ ತೋರಿಸಿದರು. ಬೆರಳು ತೆಗೆದರೆ ತಾನೇ ಹೆಸರು ಕಾಣೋದು ಅಂದೆ, ಇಬ್ಬರೂ ನಕ್ಕೆವು.

ಅಷ್ಟು ವರ್ಷ ಆಯಾ ಕೆಲಸ ಮಾಡಿ ನಾನು ತಿಳಿದುಕೊಂಡದ್ದು ಇದು. ನಾವು ಮಾಡಿದ್ದು ಪುಸ್ತಕಕ್ಕೆ ಏರುತ್ತದೆ, ನಮ್ಮನ್ನು ಯಾರು ಯಾಕೆ ಕೇಳಿದರು ಎಂಬುದು ಏರುವುದಿಲ್ಲ. ನೂರಿನ್ನೂರು ವರ್ಷದ ಮೇಲೆ ಯಾರದೋ ಮನೆಯ ಮುದುಕಿ ಅದಕ್ಕೆ ಕಣ್ಣೀರು ಹಾಕಬೇಕಾಗುತ್ತದೆ. ಲೇಯಾಳ ಸೂಲಗಿತ್ತಿಯನ್ನು ಕೇಳೋಣವೆಂದರೆ ಅವಳಿಲ್ಲ. ನಾನು ಇನ್ನೂ ಇದ್ದೆ.

ಅದಕ್ಕೆ, ದೇವಲಾಪುರದಿಂದ ಬಂದ ಮಾರನೆಯ ಬೆಳಿಗ್ಗೆ ಪೊರಕೆ ಮುಟ್ಟದೆ ಫಾದರ್ ಎದುರು ಕುರ್ಚಿ ಎಳೆದುಕೊಂಡು ಕೂತೆ. ಆಸ್ಪತ್ರೆ ಕಾಲದ ಪುಸ್ತಕ ತೆಗೆಸಿ, ಆಯಾ ಚಿಕ್ಕತಾಯಮ್ಮ ಎಂದು ಇರುವ ಕಡೆಯೆಲ್ಲ ಓದಿಸಿ, ಆ ಮಗುವಿಗೆ ನೀರು ಹಾಕು ಎಂದು ಕೇಳಿದವರು ತಾಯಿಯೋ ಅಜ್ಜಿಯೋ ಅಪ್ಪನೋ ಎಂದು ಒಂದೊಂದಾಗಿ ಹೇಳಿ ಬೇರೆ ಹಾಳೆಯಲ್ಲಿ ಬರೆಸಿದೆ. ನೆನಪಿಗೆ ಬಾರದ ಕಡೆ, ನೆನಪಿಲ್ಲ ಎಂದೇ ಬರೆಸಿದೆ.