ಕೆಂಪು ಉಗುಳಿನ ಸಾಕ್ಷಿ

ಕಂಪ್ಲಿಯಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ಪಕ್ಕದ ಮುದುಕರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕತೊಡಗಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು... ಪೂರ್ತಿ ನೆನಪಾದಳು ಎನ್ನಲಾರೆ. ಮುಖ ಮೂಡಲಿಲ್ಲ. ಉಬ್ಬಿದ ಎಡಗೆನ್ನೆಯಷ್ಟೇ ಮೂಡಿತು. ಅದು ಬಲಗೆನ್ನೆಯೂ ಇರಬಹುದು.

ಕಬ್ಬಿಣದ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ನಾನು ಎಂ.ಎ. ಮುಗಿಸಿ ಬಂದು ಹೊಸಪೇಟೆಯ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಗೋಡೆಯ ಆಚೆ ಅಕ್ಕ, ಲಾರಿ ಓಡಿಸುವ ಅವಳ ಗಂಡ, ಅತ್ತೆ. ಅಕ್ಕ ಬೆಳಿಗ್ಗೆ ಟೆಂಪೊ ಹತ್ತಿ ಗಾದಿಗನೂರಿನ ಕಡೆ ಅದಿರು ಒಡೆಯಲು ಹೋಗುತ್ತಿದ್ದಳು. ಅಲ್ಲಿನ ಹೆಂಗಸರು ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡೇ ಸುತ್ತಿಗೆ ಹಿಡಿಯುತ್ತಿದ್ದರು. ಧೂಳು ಅದಕ್ಕೆ ಅಂಟಿಕೊಂಡು ಉಗುಳಿನ ಜೊತೆ ಹೊರಗೆ ಬರುತ್ತದೆ ಎಂದು ನಂಬಿದ್ದರು.

ಅವಳ ಮೊದಲ ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಕೆಲವೇ ದಿನ ಉಸಿರಾಡಿ ಹೋಯಿತು. ಧೂಳು ತಿಂದಿತು ಎಂದರು ಎಲ್ಲರೂ. ಹಾಗಾಗಿ ಎರಡನೆಯ ಸಲ ಬಸುರಾದಾಗ ಅಕ್ಕ ತಂಬಾಕನ್ನು ಹೆಚ್ಚು ಮಾಡಿದಳು. ಕೂಸನ್ನು ಕಾಯಲಿಕ್ಕೆ.

ನಾನು ಅನುಮಾನ ತೋರಿಸಿದೆ. ಅವಳು ಚರಂಡಿಗೆ ಉಗುಳಿ, "ನೋಡು ತಮ್ಮಾ, ಎಷ್ಟು ಕೆಂಪಗೈತಿ. ಇದೆಲ್ಲಾ ಕೂಸಿಗೆ ಹೋಗ್ತಿತ್ತು. ಅಷ್ಟು ಓದಿ ಇಷ್ಟೂ ತಿಳಿಯಂಗಿಲ್ಲೇನಲೇ ನಿನಗ?" ಎಂದು ಜೋರಾಗಿ ನಕ್ಕಳು. ಅವಳು ಎಲೆ ಅಡಿಕೆ ಹಾಕುತ್ತಿರಲಿಲ್ಲ. ಆ ಕೆಂಪು ಅದಿರಿನದೇ. ಕಣ್ಣೆದುರಿನ ಸಾಕ್ಷಿ ಅದು.

ಓಣಿಗೆ ಬರುತ್ತಿದ್ದ ನರ್ಸಮ್ಮ ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. "ನೀ ಧೂಳಿಗೆ ಹೆದರೋದು ಖರೇನ ಐತವ್ವಾ. ಆದ್ರ ತಂಬಾಕಿನ ವಿಷ ರಕ್ತದಾಗ ಸೇರಿ ಕೂಸಿಗೆ ಮುಟ್ಟತೈತಿ. ಕೂಸು ಬೆಳೆಯಂಗಿಲ್ಲ, ದಿನ ತುಂಬೋದ್ರಾಗ ಹುಟ್ಟಿಬಿಡ್ತೈತಿ. ತಂಬಾಕ ಬಿಟ್ಟು ಬಾಯಿಗೆ ಒದ್ದಿ ಬಟ್ಟಿ ಕಟ್ಕೋ. ಆಗೋದಾದ್ರ ಆ ಕೆಲ್ಸಾನೂ ಬಿಡು."

"ಬಾಯಾಗ ತಂಬಾಕ ಇಟ್ಕೊಂಡ ನಾ ನಾಕು ಹಡದೀನ್ರಿ!" ಅತ್ತೆ ತಿರುಗಿಬಿದ್ದರು.

"ಉಳದಾವೆಷ್ಟವ್ವಾ?" ನರ್ಸಮ್ಮ ಮೆಲ್ಲಗೆ ಕೇಳಿದರು.

ಅತ್ತೆ ಒಂದು ಬೆರಳೆತ್ತಿದರು. ಅಕ್ಕ ಬಾಯಿಂದ ತಂಬಾಕು ತೆಗೆದು ಕೈಯಲ್ಲೇ ಹಿಡಿದುಕೊಂಡಳು. "ಹಂಗಾರ ಮೊದಲನೇದು... ನನ್ನಿಂದನ ಹೋತೇನ್ರಿ?"

"ಯಾವುದ್ರಿಂದ ಹೋತು ಅಂತ ಯಾರಿಗೂ ಹೇಳಾಕ ಬರಂಗಿಲ್ಲವ್ವಾ. ತಿಳಿದಿದ್ರ ನೀ ಹಾಕ್ಕೋತಿದ್ದಿಲ್ಲ" ಎಂದು ನರ್ಸಮ್ಮ ಅಂದರೆಂದು ಇಷ್ಟು ವರ್ಷ ನಂಬಿದ್ದೇನೆ. ಆ ಮಾತನ್ನು ಆಮೇಲೆ ನಾನೇ ಸೇರಿಸಿದೆನೋ ಏನೋ... ಯಾರಾದರೂ ಹಾಗೆ ಹೇಳಲಿ ಎಂದು ಆಗ ಬಯಸಿದ್ದಂತೂ ನೆನಪಿದೆ.

ಅಂದು ಸಂಜೆ ಅತ್ತೆ ತಮ್ಮ ತಂಬಾಕನ್ನೂ ಒಲೆಗೆ ಹಾಕಿದರು. ಮನೆಯಲ್ಲಿ ವಾಸನೆಯಿದ್ದರೆ ಸೊಸೆಯ ಬಾಯಿ ಬೇಡುತ್ತದೆ ಎಂದು. ಓಣಿಯೆಲ್ಲ ಕೆಮ್ಮಿತು. ಅಕ್ಕ ತಂಬಾಕು ಬಿಟ್ಟಳು, ಕೆಲಸ ಮಾತ್ರ ಬಿಡಲಾಗಲಿಲ್ಲ. ತಲೆನೋವು, ಸಿಡುಕು, ಕೆನ್ನೆಯಲ್ಲಿ ತಂಬಾಕಿನ ಬದಲು ಒಣಕೊಬ್ಬರಿಯ ಚೂರು. ಮುಖಕ್ಕೆ ಕಟ್ಟಿದ ಬಟ್ಟೆ ನೋಡಿ ಜೊತೆಯವರು, "ಏನಬೇ, ಎತ್ತಿಗೆ ಕಟ್ಟಿದಂಗ ಬಾಯಿಗೆ ಕುಕ್ಕಿ ಹಾಕ್ಯಾರೇನು?" ಎಂದು ಕಾಡಿಸುತ್ತಿದ್ದರಂತೆ.

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ನಾನು ನೋಡಲು ಹೋದಾಗ ಅಕ್ಕ ಕೂಸಿನ ತುಂಬಿದ ತೊಡೆಯನ್ನು ಸವರುತ್ತ, "ಅದೂ ಹಿಂಗ ಇರ್ತಿತ್ತೇನೋ ತಮ್ಮಾ" ಎಂದಳು. ಆಮೇಲೆ ಗೋಡೆಯಾಚೆಯಿಂದ ಅವಳ ಆ ಜೋರು ನಗು ಕೇಳಿದ ನೆನಪಿಲ್ಲ.

ಗಣಿಗಳು ನಿಂತಾಗ ಅವರು ಮನೆ ಬಿಟ್ಟರು. ಎಲ್ಲಿಗೆ ಹೋದರೋ ತಿಳಿಯದು.

"ಬೇಕೇನ್ರಿ?" ಮುದುಕರು ಅಂಗೈ ಚಾಚಿದರು. ಬೇಡವೆಂದು ಕಿಟಕಿಯತ್ತ ತಿರುಗಿದೆ. ಆ ಹುಡುಗಿ ಈಗ ದೊಡ್ಡವಳಾಗಿರಬೇಕು. ಅವಳ ಹೆಸರು ನೆನಪಿದೆ. ಮೊದಲನೆಯದಕ್ಕೆ ಹೆಸರಿಡುವಷ್ಟು ದಿನವೂ ಸಿಕ್ಕಿರಲಿಲ್ಲ. ಅದನ್ನು ನೆನೆಯಲು ನನ್ನ ಬಳಿ ಈ ಘಾಟು ಬಿಟ್ಟರೆ ಬೇರೇನೂ ಇಲ್ಲ...