ಮೋರಟಗಿಯಲ್ಲಿ ಕಲಿತ ಕೋಬಾಲ್

ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕಂಪ್ಯೂಟರ್ ಕಲಿಸಿದೆ. ಹೊಸ ವರ್ಷದ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಆಗ ನನಗೆ ನಲವತ್ತೆರಡು. ಅರ್ಜಿ ಹಾಕಿದಲ್ಲೆಲ್ಲ ವಯಸ್ಸು ಕೇಳಿ ಸುಮ್ಮನಾಗುತ್ತಿದ್ದರು. ಒಂದು ಕಂಪನಿ ಮಾತ್ರ ಕೇಳಲಿಲ್ಲ. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳನ್ನು ಮನೆಯಲ್ಲೇ ಕೂತು ದುರಸ್ತಿ ಮಾಡುವ ಕೆಲಸ. ಪರೀಕ್ಷೆಗೆ ಇಪ್ಪತ್ತು ದಿನವಿತ್ತು. ನಾನು ಆ ಭಾಷೆಯಲ್ಲಿ ಒಂದು ಸಾಲೂ ಬರೆದವಳಲ್ಲ.

ಅಪ್ಪನ ಗೆಳೆಯರೊಬ್ಬರು ಮೋರಟಗಿಯಲ್ಲಿದ್ದರು. ಪುಣೆಯಲ್ಲಿ ಮೂವತ್ತು ವರ್ಷ ಕೋಬಾಲ್ ಬರೆದು ಊರಿಗೆ ಮರಳಿದವರು. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋಗಿದ್ದವು. ದಿನ ಬಿಟ್ಟು ದಿನ ನಾನು ಬೆಳಗಿನ ಬಸ್ಸು ಹಿಡಿದು, ಸಿಂದಗಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಅವರಲ್ಲಿಗೆ ಹೋಗುತ್ತಿದ್ದೆ.

"ನಾಕು ಭಾಗ ಅದಾವು ನೋಡು ಯವ್ವಾ," ಅಂದರು ಮೊದಲ ದಿನ. "ಪ್ರೋಗ್ರಾಮಿನ ಹೆಸರು ಹೇಳೂದು ಐಡೆಂಟಿಫಿಕೇಶನ್. ಯಾವ ಮಶೀನು, ಯಾವ ಫೈಲು ಅನ್ನೂದು ಎನ್ವಿರಾನ್ಮೆಂಟ್. ಏನೇನು ಇಟ್ಕೋತಿ ಅನ್ನೂದು ಡೇಟಾ. ಮಾಡೂ ಕೆಲಸ ಪ್ರೊಸೀಜರ್. ಈ ನಾಕು ಹಿಂದಮುಂದ ಆಗಂಗಿಲ್ಲ."

ನಾನು ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ವಾಕ್ಯದ ಕೊನೆಯ ಚುಕ್ಕಿಯನ್ನೂ ಬಾಯಿಬಿಟ್ಟು ಹೇಳಬೇಕು. ಒಮ್ಮೆ ಅವರು ಕೈ ಎತ್ತಿ ತಡೆದರು.

"ಇಫ್ ಸಾಲಿನ ಕಡೀಗೆ ಚುಕ್ಕಿ ಎಲ್ಲೈತಿ?"

"ಬಿಟ್ಟೀನ್ರಿ ಕಾಕಾ."

"ಅದನ್ನ ಬಿಟ್ರ ಮುಂದಿನ ಸಾಲೂ ಆ ಇಫ್ ಒಳಗ ಹೊಕ್ಕಾವು. ಮಶೀನು ತಪ್ಪು ಅಂತನೂ ಹೇಳಂಗಿಲ್ಲ. ಉತ್ತರ ಅಷ್ಟ ತಪ್ಪಿ ಬರ್ತೈತಿ."

ಅವರ ಮಾತೇ ನನಗಿದ್ದ ಪುಸ್ತಕ. ಬಸ್ಸಿನಲ್ಲಿ ಕೂತು ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಇದೂ ತಪ್ಪಿದರೆ ಮುಂದೇನು ಎಂಬ ಪ್ರಶ್ನೆ ಎದೆಯ ಮೇಲೇ ಕೂತಿತ್ತು.

ಪರೀಕ್ಷೆ ವಿಜಯಪುರದಲ್ಲಿತ್ತು. ಒಳಗೆ ಹೋಗುವ ಮೊದಲೇ ಮೊಬೈಲು ಬಂದ್ ಮಾಡಿಸಿ ಇಸಿದುಕೊಂಡರು. ಒಂದು ಕಡತದ ಪ್ರತಿಯೊಂದು ಅಂಶ ಎಷ್ಟು ಜಾಗ ಹಿಡಿಯುತ್ತದೆಂದು ಲೆಕ್ಕ ಹಾಕಿ ಅದರೊಳಗಿನ ಹೆಸರುಗಳನ್ನು ಪರದೆಗೆ ತರಬೇಕಿತ್ತು. ಹೆಸರಿನ ಮುಂಚೆ ನಾಲ್ಕಂಕಿಯ ಒಂದು ಸಂಖ್ಯೆ, ಅದರ ಪಕ್ಕದಲ್ಲಿ 'ಕಾಂಪ್' ಎಂಬ ಗುರುತು. ಕಾಂಪ್ ಇದ್ದರೂ ಅಂಕಿಗೊಂದು ಜಾಗ ಎಂದು ಕಾಕಾ ಕಲಿಸಿದ್ದರು; ಅದರಂತೆ ನಾಲ್ಕು ಜಾಗ ಕೊಟ್ಟೆ. ಪರದೆಯ ಮೇಲೆ ಎಲ್ಲ ಹೆಸರುಗಳೂ ಮೊದಲೆರಡು ಅಕ್ಷರ ಕಳೆದುಕೊಂಡು ಬಂದವು. ಚುಕ್ಕಿ ಹುಡುಕಿದೆ, ಸಾಲು ಅಳಿಸಿದೆ, ಮತ್ತೆ ಬರೆದೆ. ಆ ನಾಲ್ಕನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಕಲಿಸಿದವರು ಕಾಕಾ ಅಲ್ಲವೇ. ವೇಳೆ ಮುಗಿಯಿತು.

ಹೊರಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಕಾಂಪ್ ಎಂದಿದ್ದರೆ ಸಂಖ್ಯೆಯನ್ನು ಒತ್ತಿ ಇಟ್ಟಿರುತ್ತಾರೆ; ನಾಲ್ಕಂಕಿಯದು ಎರಡೇ ಜಾಗ ಹಿಡಿಯುತ್ತದೆ.

ಮೂರು ದಿನದ ಮೇಲೆ ಮೋರಟಗಿಗೆ ಹೋದೆ. ಹೊರಸಿನ ಮೇಲೆ ಕೂತಿದ್ದ ಅವರು ನನ್ನ ಹೆಜ್ಜೆ ಸಪ್ಪಳಕ್ಕೇ ತಲೆ ಎತ್ತಿದರು.

"ಏನಾತವ್ವಾ?"

"ಪಾಸಾಗಲಿಲ್ರಿ. ಟೈಮ್ ಸಾಲಲಿಲ್ಲ."

ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು, ಕಾಕಾ ತಲೆ ಅಲ್ಲಾಡಿಸಿದರು.

"ಸುಳ್ಳು ಹೇಳಬ್ಯಾಡ. ಕಾಂಪ್ ಬಂದಿತ್ತು, ಹೌದಿಲ್ಲೋ? ಪರೀಕ್ಷಾ ದಿನ ಮುಂಜಾನೆ ಚಾ ಕುಡಿಯೂಮುಂದ ನೆನಪಾತು, ಅದು ಎರಡ ಜಾಗ ಅಂತ. ಇಕಿ ಕಡಿಂದ ಐದು ಸಲ ಫೋನ್ ಹಚ್ಚಿಸೀನಿ. ನಿನ್ನ ಫೋನ್ ಬಂದ್ ಇತ್ತು."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಕಣ್ಣು ಹೋದಾಗ ಅತ್ತಿದ್ದಿಲ್ಲ," ಅಂದರು ಕಾಕಾ. "ಈ ಕೋಬಾಲ್ ಒಂದರ ತಲ್ಯಾಗ ಉಳದೈತಿ ಅಂತ ತಿಳದಿದ್ದೆ."

ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ನಿಜವಾಗಿಯೂ ಪರವಾಗಿಲ್ಲ ಎಂಬಂತಿರಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ, ಸಿಂದಗಿಯ ಬಸ್ಸು ಹೋಗಿಬಿಟ್ಟಿತು. ಕಂಪನಿಯವರು ಎರಡನೇ ಅವಕಾಶ ಕೊಡಲಿಲ್ಲ. ನಾನೂ ಮತ್ತೆ ಮೋರಟಗಿಗೆ ಹೋಗಲಿಲ್ಲ. ಪಾಠವಿಲ್ಲದೆ ಹೋಗಿ ಅವರ ಮುಂದೆ ಹೇಗೆ ಕೂರಬೇಕೆಂದು ತಿಳಿಯಲಿಲ್ಲ.